ಒಗ್ಗದ ಊಟ

ಮೈಸೂರಿನಲ್ಲಿ ಒಬ್ಬರನ್ನು ಬಾಡೂಟಕ್ಕೆ ಕರೆಯುವುದೆಂದರೆ ಹಲವು ನಿಯಮಗಳನ್ನು ನೆನಪಿನಲ್ಲಿಡುವ ಕೆಲಸ. ಸೋಮವಾರ ಮಾಂಸ ಮುಟ್ಟದವರುಂಟು, ಶನಿವಾರ ಬಿಟ್ಟವರುಂಟು, ಶ್ರಾವಣ ಕಳೆಯುವವರೆಗೆ ಆ ಮಾತೇ ಬೇಡವೆನ್ನುವ ಮನೆಗಳುಂಟು. ಮುಸಲ್ಮಾನ ಮಿತ್ರರು ಬರುವುದಾದರೆ ಹಲಾಲ್ ಮಾಂಸವನ್ನೇ ತರಿಸಬೇಕು. ಇದನ್ನೆಲ್ಲ ಕೇಳಲು ಕರೆಯುವವನಿಗೆ ಸಂಕೋಚವಿಲ್ಲ, ಹೇಳಲು ಅತಿಥಿಗೆ ನಾಚಿಕೆಯಿಲ್ಲ. ಬಹುಕಾಲದ ರೂಢಿಯಿದು. 16ನೆಯ ಶತಮಾನದ ಜೈನಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಶುದ್ಧ ಶಾಕಾಹಾರದ ಪಾಕಗ್ರಂಥ. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಾದರೋ ಮಾಂಸಪಾಕಗಳು ಧಾರಾಳ. ಎರಡೂ ಈ ನಾಡಿನವೇ.

ಮನಸ್ಸು ಬೇಡವೆಂದುದನ್ನು ಇಷ್ಟು ಗೌರವಿಸುವ ನಾವು ಮೈ ಬೇಡವೆಂದುದನ್ನು ವಿಚಾರಿಸುವುದೇ ಅಪರೂಪ. ‘ಒಗ್ಗದು’ ಎಂಬ ಚೊಕ್ಕ ಮಾತು ಕನ್ನಡದಲ್ಲಿದೆ. ಹಾಗೆಂದವನನ್ನು ಮಾತ್ರ ‘ಒಂದು ಚೂರು ತಿಂದರೆ ಏನಾದೀತು?’ ಎಂದು ಬಲವಂತಪಡಿಸುತ್ತೇವೆ. ಬದನೆ ನಂಜೆಂದು ಗಾಯವಾದವರಿಗೆ ಬಡಿಸದ ಹಿರಿಯರೂ ಇದಕ್ಕೆ ಹೊರತಲ್ಲ. ನಂಜಿನ ಪಥ್ಯ ಎಲ್ಲರಿಗೂ ಒಂದೇ. ಅಲರ್ಜಿ ಒಬ್ಬೊಬ್ಬರ ಮೈಯ ಗುಟ್ಟು. ದೇಹದ ರಕ್ಷಣಾವ್ಯವಸ್ಥೆ ಆಹಾರದ ಯಾವುದೋ ಪ್ರೋಟೀನನ್ನು ಹಗೆಯೆಂದು ಭ್ರಮಿಸಿ ಅದರ ಮೇಲೆ ಬೀಳುತ್ತದೆ. ಕೆಲವರಿಗೆ ತುರಿಕೆ, ದದ್ದು. ಮತ್ತೆ ಕೆಲವರಿಗೆ ಗಂಟಲು ಊದಿ, ರಕ್ತದ ಒತ್ತಡ ಕುಸಿಯುತ್ತದೆ. ಕೂಡಲೇ ಅಡ್ರಿನಲಿನ್ ಚುಚ್ಚುಮದ್ದು ದೊರೆಯದಿದ್ದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಆ ‘ಒಂದು ಚೂರು’ ಸಾಕು.

ನಮ್ಮ ಮಟನ್ ಸಾರನ್ನೇ ತೆಗೆದುಕೊಳ್ಳಿ. ಅದರ ಜೊತೆಗಿನ ರಾಗಿಮುದ್ದೆಯಲ್ಲಿ ಗ್ಲುಟೆನ್ ಇಲ್ಲ. ಗೋಧಿ ಒಗ್ಗದವನಿಗೂ ಅದು ಒಗ್ಗುತ್ತದೆ. ಆಡಿನ ಮಾಂಸ ಒಗ್ಗದವರು ವಿರಳ. ಸಂದೇಹವಿರುವುದು ಮಸಾಲೆಯಲ್ಲಿ. ಕೊತ್ತಂಬರಿ ಬೀಜ, ಮೆಣಸಿನಕಾಯಿ, ಚಕ್ಕೆ, ಲವಂಗ, ತೆಂಗಿನಕಾಯಿ, ಗಸಗಸೆ, ಹುರಿಗಡಲೆ ಇವು ಮನೆಯ ರೂಢಿ. ಸಾರು ಗಟ್ಟಿಯಾಗಲೆಂದು ಗೋಡಂಬಿಯನ್ನೋ ಕಡಲೆಕಾಯಿ ಬೀಜವನ್ನೋ ಸೇರಿಸುವವರುಂಟು. ನುಣ್ಣಗೆ ರುಬ್ಬಿದ ಮೇಲೆ ಅದನ್ನು ಕಣ್ಣೂ ಗುರುತಿಸದು, ನಾಲಗೆಯೂ ಗುರುತಿಸದು. ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವು ಜನರ ‘ರೆಂಡಾಂಗ್’ ಕೂಡ ಹೀಗೆಯೇ: ತೆಂಗಿನಹಾಲಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಇಂಗಿಸಿದ ಗೋಮಾಂಸ. ಹಸುವಿನ ಹಾಲಿಲ್ಲ, ಗೋಧಿಯಿಲ್ಲ. ಆದರೆ ಕೆಲವರು ಕೆಮಿರಿ ಎಂಬ ಎಣ್ಣೆಬೀಜವನ್ನು ಅರೆದು ಹಾಕುತ್ತಾರೆ.

ಕಡಲೆಕಾಯಿಯ ಮಾತು ಬಂದಾಗ ಮೈಸೂರಿಗರಿಗೆ ಇನ್ನೊಂದು ನೆನಪಾಗಬೇಕು. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ತಲೆಯೆತ್ತಿದ ಕೇಂದ್ರೀಯ ಆಹಾರ ಸಂಶೋಧನಾಲಯದವರು ಹಸಿದ ದೇಶಕ್ಕಾಗಿ ಒಂದು ಪೌಷ್ಟಿಕ ಹಿಟ್ಟನ್ನು ರೂಪಿಸಿದರು: ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು, ಜೊತೆಗೆ ಜೀವಸತ್ವಗಳು. ಸೊರಗಿದ ಮಕ್ಕಳಿಗೆ ಸಂಜೀವಿನಿಯೆನಿಸಿದ ಅದೇ ಬೀಜ ಬೇರೊಂದು ಮಗುವಿಗೆ ವಿಷ. ಹುರಿದರೆ ಅದರ ದೋಷ ಕಳೆಯುವುದೆಂದು ನಂಬಬೇಡಿ. ಹುರಿದಷ್ಟೂ ಅದು ತೀಕ್ಷ್ಣವಾಗುವುದೇ ಹೆಚ್ಚು.

ಕಾನೂನು ಸುಮ್ಮನಿಲ್ಲ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳಂತೆ ಪೊಟ್ಟಣದ ಮೇಲೆ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು, ಸೋಯಾ, ಸಲ್ಫೈಟ್ ಇವುಗಳನ್ನು ನಮೂದಿಸಬೇಕು. ಎಳ್ಳು, ಸಾಸಿವೆಗಳು ಆ ಪಟ್ಟಿಯಲ್ಲಿ ಸೇರಿಲ್ಲ. ಸೇರಬೇಕಿತ್ತೆಂದು ನನ್ನ ಅಭಿಪ್ರಾಯ. ಹೋಟೆಲುಗಳ ಪೈಕಿ ದೊಡ್ಡವು, ಹತ್ತು ಮತ್ತು ಹೆಚ್ಚು ಶಾಖೆಗಳುಳ್ಳವು ಮಾತ್ರ ತಿಂಡಿಪಟ್ಟಿಯಲ್ಲಿ ಇದನ್ನು ತಿಳಿಸಬೇಕು. ಗಲ್ಲಿಯ ಮಿಲಿಟರಿ ಹೋಟೆಲಿಗೂ ಬೀಗರೂಟದ ಚಪ್ಪರಕ್ಕೂ ಆ ಕಟ್ಟಳೆಯಿಲ್ಲ. ಅಲ್ಲಿ ಉಣ್ಣುವವನೇ ಅಡುಗೆಯವರನ್ನು ಕೇಳಬೇಕು. ‘ಅಲರ್ಜಿ ಉಂಟೆ?’ ಎಂದರೆ ಅವರಿಗೆ ತಿಳಿಯದಿರಬಹುದು. ‘ಅಣ್ಣಾ, ಸಾರು ಮಂದವಾಗಲು ಏನು ರುಬ್ಬಿದಿರಿ?’ ಎಂದರೆ ಒಂದನ್ನೂ ಬಿಡದೆ ಹೇಳುತ್ತಾರೆ.