ಹೋಸ್ಟ್ ಫ್ಯಾಮಿಲಿ ಅಂದರೆ ನೆಂಟರ ಮನೆಯಲ್ಲ

ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಒಂದೆರಡು ಹಂತ ಕಲಿತು, ಒಂದು ಸೆಮಿಸ್ಟರ್ ಓದಲೆಂದು ಫ್ರಾನ್ಸಿಗೆ ಹೊರಟವರ ಮನೆಯಲ್ಲಿ ಈ ಮಾತು ಕೇಳಿಬರುತ್ತದೆ: “ಹಾಸ್ಟೆಲ್ ಅಲ್ವಂತೆ, ಫ್ಯಾಮಿಲಿ ಜೊತೆ ಇರ್ತಾಳಂತೆ. ಇನ್ನು ಚಿಂತೆ ಇಲ್ಲ ಬಿಡಿ.” ಚಿಂತೆ ಬೇಡ, ನಿಜ. ಆದರೆ ‘ಫ್ಯಾಮಿಲಿ’ ಅನ್ನುವ ಆ ಒಂದು ಪದದ ಮೇಲೆ ನಾವು ಕಟ್ಟಿಕೊಂಡ ಕಲ್ಪನೆಗಳೆಲ್ಲ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಒಂದೊಂದಾಗಿ ಕಳಚಿಬೀಳುತ್ತವೆ. ಲ್ವಾರ್ ನದಿಯ ದಂಡೆಯ ತೂರ್ ಊರನ್ನೇ ತೆಗೆದುಕೊಳ್ಳೋಣ. ಪ್ಯಾರಿಸ್ಸಿನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ವಿದೇಶಿಯರಿಗೆ ಫ್ರೆಂಚ್ ಕಲಿಸುವ ಸಂಸ್ಥೆಯೊಂದು ಅಲ್ಲಿ 1912ರಿಂದ ಇದೆ. ಸುತ್ತಲೂ ಅರಮನೆಗಳು. ಫ್ರೆಂಚ್ ಮನೆಯ ವಾಸಕ್ಕೂ ವೀಕೆಂಡ್ ತಿರುಗಾಟಕ್ಕೂ ಹೇಳಿಮಾಡಿಸಿದ ಊರು, ತಪ್ಪು ತಿಳಿವಳಿಕೆಗಳಿಗೂ.

“ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಂದು ನಾಯಿ”

ಹಾಗೂ ಇರಬಹುದು. ಆದರೆ ಬಾಗಿಲು ತೆರೆಯುವವರು ಮಕ್ಕಳು ದೊಡ್ಡವರಾಗಿ ಬೇರೆ ಊರು ಸೇರಿದ ಮೇಲೆ ಖಾಲಿ ಕೋಣೆ ಉಳಿದ ನಿವೃತ್ತ ಹೆಂಗಸೊಬ್ಬರೇ ಆಗಿರುವುದೂ ಅಷ್ಟೇ ಸಹಜ. ಫ್ರೆಂಚಿನಲ್ಲಿ ಈ ಏರ್ಪಾಡಿಗೆ ‘ಶೆ ಲಾಬಿತಾಂ’ ಅನ್ನುತ್ತಾರೆ. ಊರವರೊಬ್ಬರ ಮನೆಯಲ್ಲಿ ಎಂದಷ್ಟೇ ಅದರ ಅರ್ಥ. ಕುಟುಂಬದ ಸುದ್ದಿಯೇ ಅದರಲ್ಲಿಲ್ಲ. ‘ಫಾಮಿಯ್ ದಾಕೆಯ್’ ಎಂಬ ಮಾತೂ ಬಳಕೆಯಲ್ಲಿದೆ, ಆದರೆ ಅದು ಸರ್ಕಾರದ ಆಶ್ರಯದಲ್ಲಿರುವ ಮಕ್ಕಳನ್ನು ಸಾಕುವ ಮನೆಗಳಿಗೂ ಸಲ್ಲುವ ಹೆಸರು.

ನಮ್ಮ ಕಡೆಯ ಪಿ.ಜಿ. ಇದೆಯಲ್ಲ, ಅದಕ್ಕೆ ಇದು ಹತ್ತಿರ. ಕೋಣೆಗೆ ಇಷ್ಟು, ಬೆಳಗಿನ ತಿಂಡಿಗೆ ಇಷ್ಟು. ರಾತ್ರಿ ಊಟವೂ ಸೇರಿದರೆ ‘ದೆಮಿ ಪಾಂಸಿಯೋಂ’, ಅದಕ್ಕೆ ಇಷ್ಟು. ಬಟ್ಟೆ ಒಗೆಯುವ ಮಶೀನು ವಾರಕ್ಕೆಷ್ಟು ಸಲ, ಅಡುಗೆಮನೆ ಬಳಸಬಹುದೋ ಇಲ್ಲವೋ, ಸ್ನೇಹಿತರನ್ನು ಕರೆತರಬಹುದೋ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಇದನ್ನು ಕೇಳಿ “ಅಯ್ಯೋ, ದುಡ್ಡಿನ ಸಂಬಂಧ” ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಏನು ಸಿಗುತ್ತದೆ, ಏನಿಲ್ಲ ಎಂಬುದು ಇಬ್ಬರಿಗೂ ಗೊತ್ತಿರುವ ಮನೆಯಲ್ಲಿ ಮುನಿಸು ಕಡಿಮೆ.

“ಮಕ್ಕಳನ್ನು ನೋಡಿಕೊಂಡರೆ ಬಾಡಿಗೆ ಇರುವುದಿಲ್ಲ”

ಅದು ಬೇರೆಯೇ ವ್ಯವಸ್ಥೆ. ಅದರ ಹೆಸರು ‘ಓ ಪೇರ್’. 18ರಿಂದ 30 ವರ್ಷದವರಿಗೆ, ಬೇರೆ ವೀಸಾ. ವಾರಕ್ಕೆ ಹೆಚ್ಚೆಂದರೆ 25 ಗಂಟೆ ಮಕ್ಕಳ ಉಸ್ತುವಾರಿ, ಮನೆಯ ಚಿಕ್ಕಪುಟ್ಟ ಕೆಲಸ. ಅದಕ್ಕೆ ಊಟ, ವಸತಿ, ಕೈಖರ್ಚು ಸಿಗುತ್ತದೆ. ವಿದ್ಯಾರ್ಥಿ ವೀಸಾದವರು ವರ್ಷಕ್ಕೆ 964 ಗಂಟೆ ದುಡಿಯಬಹುದು, ಆದರೆ ಅದು ಸಂಬಳದ ಚೀಟಿ ಇರುವ ಕೆಲಸ. ಊಟವಾದ ಮೇಲೆ ತಟ್ಟೆ ಎತ್ತಿಡುವುದು ಮರ್ಯಾದೆ, ಎತ್ತಿಡಿ. ಅದರಿಂದ ಬಾಡಿಗೆಯೇನೂ ಕಡಿಮೆಯಾಗದು.

“ವೆಜಿಟೇರಿಯನ್ ಅಂದರೆ ಸಾಕು, ಅರ್ಥವಾಗುತ್ತದೆ”

ಮುಕ್ಕಾಲು ಪಾಲು ಅರ್ಥವಾಗುತ್ತದೆ. ತೊಂದರೆ ಇರುವುದು ಉಳಿದ ಕಾಲು ಪಾಲಿನಲ್ಲಿ. ಸಸ್ಯಾಹಾರ ಫ್ರಾನ್ಸಿಗೆ ಅಪರಿಚಿತವೇನಲ್ಲ. 2018ರ ಕಾನೂನಿನ ಪ್ರಕಾರ ಶಾಲಾ ಕ್ಯಾಂಟೀನುಗಳಲ್ಲಿ ವಾರಕ್ಕೊಂದು ದಿನ ಸಸ್ಯಾಹಾರದ ಊಟ ಬಡಿಸಬೇಕು. ಆದರೆ ಮನೆಯಾಕೆ “ಮೀನು ತಿನ್ನುತ್ತೀರಿ ತಾನೆ?” ಎಂದು ಕೇಳಿದರೆ ಅದು ಕುಚೋದ್ಯವಲ್ಲ, ಪ್ರಾಮಾಣಿಕ ಪ್ರಶ್ನೆ. ಸಸ್ಯಾಹಾರಿಗಳು ಮೊಟ್ಟೆ ತಿನ್ನುತ್ತಾರೆ ಎಂದೇ ಅಲ್ಲಿನ ಲೆಕ್ಕ. ಆಮ್ಲೆಟ್ಟು, ಕೀಶ್, ಕ್ರೇಪ್ ಎಲ್ಲದರಲ್ಲೂ ಮೊಟ್ಟೆ ಇರುತ್ತದೆ. ಹಾಗಾಗಿ ‘ವೆಜ್’ ಎಂಬ ಪದವನ್ನು ನೆಚ್ಚಿಕೊಳ್ಳದೆ ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ ಎಂದು ಅರ್ಜಿಯಲ್ಲೇ ಬಿಡಿಸಿ ಬರೆಯಬೇಕು.

ಚೀಸಿನ ವಿಷಯ ಇನ್ನೂ ಸೂಕ್ಷ್ಮ. ಕೋಂತೆಯಂಥ ಸಾಂಪ್ರದಾಯಿಕ ಚೀಸ್ ಮಾಡುವಾಗ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ತೂರ್ ಸೀಮೆಯಲ್ಲಿ ಸೇಂತ್‌-ಮೋರ್ ಎಂಬ ಮೇಕೆ ಹಾಲಿನ ಉದ್ದನೆಯ ಚೀಸ್ ಇದೆ, ನಡುವೆ ಒಂದು ಹುಲ್ಲುಕಡ್ಡಿ ಚುಚ್ಚಿರುತ್ತಾರೆ. ಅಕ್ಕರೆಯಿಂದ ತುಂಡು ಕೊಯ್ದು ತಟ್ಟೆಗೆ ಹಾಕಿದಾಗ “ಇದಕ್ಕೆ ರೆನೆಟ್ ಹಾಕಿದ್ದಾರಾ?” ಎಂದು ಕೇಳಬೇಕೋ ಬೇಡವೋ ಎಂಬುದು ನಿಮ್ಮ ನಿಮ್ಮ ಮನೆತನಕ್ಕೆ ಬಿಟ್ಟದ್ದು.

ಇನ್ನು ಸಾರಿನ ಪುಡಿ ಕಟ್ಟಿಕೊಂಡು ಹೋದವರಿಗೊಂದು ಮಾತು. 2015ರ ಮಾರ್ಚ್‌ನಿಂದ ಫ್ರಾನ್ಸಿನ ಪ್ರತಿ ಮನೆಯಲ್ಲೂ ಹೊಗೆ ಪತ್ತೆಹಚ್ಚುವ ಅಲಾರಂ ಕಡ್ಡಾಯ. ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಬಿದ್ದರೆ ಅದು ಬೆಂಕಿಯೋ ಪ್ರೀತಿಯೋ ಎಂದು ಆ ಯಂತ್ರ ವಿಚಾರಿಸುವುದಿಲ್ಲ.

“ತೂರ್‌ನವರು ಆಡುವುದೇ ಶುದ್ಧ ಫ್ರೆಂಚ್”

ಹದಿನೈದು–ಹದಿನಾರನೇ ಶತಮಾನಗಳಲ್ಲಿ ಫ್ರೆಂಚ್ ರಾಜರು ಲ್ವಾರ್ ದಂಡೆಯಲ್ಲಿ ಬೀಡುಬಿಟ್ಟಿದ್ದರಿಂದ ಬೆಳೆದ ಖ್ಯಾತಿ ಇದು. ಯಾವ ಊರಿನ ಕನ್ನಡ ಶುದ್ಧ ಎಂದು ನಾವು ಜಗಳವಾಡುವ ಹಾಗೆಯೇ. ಭಾಷಾವಿಜ್ಞಾನದಲ್ಲಿ ‘ಶುದ್ಧ’ ಎಂಬ ಅಳತೆಗೋಲೇ ಇಲ್ಲ. ಪುಸ್ತಕದಲ್ಲಿ ‘ಜ ನ ಸೆ ಪಾ’ ಎಂದು ಕಲಿತು ಹೋದವರಿಗೆ ಊಟದ ಮೇಜಿನಲ್ಲಿ ಕೇಳಿಸುವುದು ‘ಶೆ ಪಾ’. ನಾವು ‘ಹೋಗುತ್ತೇನೆ’ ಎಂದು ಬರೆದು ‘ಹೋಗ್ತೀನಿ’ ಅನ್ನುವುದಿಲ್ಲವೇ?

ಒಂದು ವಿಷಯದಲ್ಲಿ ಮಾತ್ರ ಕನ್ನಡಿಗರಿಗೆ ಇಂಗ್ಲಿಷಿನವರಿಗಿಂತ ಅನುಕೂಲ. ‘ತ್ಯು’ ಮತ್ತು ‘ವೂ’ ಯಾವಾಗ ಎಂದು ಅಮೆರಿಕದ ವಿದ್ಯಾರ್ಥಿಗಳು ತಲೆ ಕೆರೆದುಕೊಳ್ಳುತ್ತಾರೆ. ನಮಗೆ ಅದು ನೀನು, ನೀವು. ಮನೆಯಾಕೆಗೆ ‘ವೂ’. ಅವರೇ “ತ್ಯು ಅನ್ನು” ಎನ್ನುವ ತನಕ ‘ವೂ’. ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’. ಅದನ್ನು ನುಂಗಿ ನೇರವಾಗಿ ಬೆಲೆ ಕೇಳಿದವರಿಗೆ ಸಿಗುವ ಬಿಗುಮುಖವನ್ನೇ ನಾವು ‘ಫ್ರೆಂಚರ ಸೊಕ್ಕು’ ಎಂದು ಕರೆದಿದ್ದೇವೆ.

“ವೀಕೆಂಡಿಗೊಂದು ದೇಶ”

ಭೂಪಟದಲ್ಲಿ ಯುರೋಪು ಅಂಗೈಯಗಲ ಕಾಣುತ್ತದೆ. ರೈಲಿನ ವೇಳಾಪಟ್ಟಿ ಬೇರೆ ಕಥೆ ಹೇಳುತ್ತದೆ. ಶುಕ್ರವಾರ ಸಂಜೆಯ ಟಿಕೆಟ್ ಕೊನೆ ಗಳಿಗೆಯಲ್ಲಿ ದುಬಾರಿ. 12ರಿಂದ 27 ವರ್ಷದವರಿಗೆ 49 ಯೂರೋದ ರೈಲ್ವೆ ರಿಯಾಯಿತಿ ಕಾರ್ಡ್ ಸಿಗುತ್ತದೆ, ಇದ್ದರೆ ಒಂದಿಷ್ಟು ಉಳಿತಾಯ. ಭಾನುವಾರ ಹಳ್ಳಿಗಳ ಕಡೆ ಬಸ್ಸು ವಿರಳ. ವಾರದ ರಜೆ ಭಾನುವಾರವೇ ಎಂಬ ಫ್ರೆಂಚ್ ಕಾನೂನು 1906ರದು. ಬೇಕರಿ ಬೆಳಿಗ್ಗೆ ತೆರೆದರೂ ಬಹುಪಾಲು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಫ್ರಾನ್ಸಿನ ವೀಸಾ ಇದ್ದರೆ ಬ್ರಸೆಲ್ಸ್‌ಗೆ ಹೋಗಿಬರಬಹುದು, ಲಂಡನ್ನಿಗಾಗದು: ಭಾರತದ ಪಾಸ್‌ಪೋರ್ಟಿಗೆ ಬ್ರಿಟನ್ನಿನ ವೀಸಾ ಬೇರೆಯೇ ಬೇಕು. ಹಾಂ, ದೀರ್ಘಾವಧಿ ವಿದ್ಯಾರ್ಥಿ ವೀಸಾವನ್ನು ಅಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ಊರ್ಜಿತಗೊಳಿಸುವುದನ್ನು ಮರೆಯಬೇಡಿ.

ತೂರ್‌ನಲ್ಲಿದ್ದವರು ದೂರ ಹೋಗಬೇಕಾಗಿಯೂ ಇಲ್ಲ. ಲ್ವಾರ್ ಕಣಿವೆಯೇ 2000ದಿಂದ ಯುನೆಸ್ಕೊ ಪಟ್ಟಿಯಲ್ಲಿದೆ. “ವಿದ್ಯಾರ್ಥಿಗಳಿಗೆ ಅರಮನೆ ಎಲ್ಲ ಫ್ರೀ” ಎಂಬ ಮಾತನ್ನು ಮಾತ್ರ ಸ್ವಲ್ಪ ಜಾಲಿಸಿ ನೋಡಬೇಕು. ಫ್ರಾನ್ಸಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ 18–25 ವಯಸ್ಸಿನವರಿಗೆ ರಾಷ್ಟ್ರೀಯ ಮ್ಯೂಸಿಯಂ, ಸ್ಮಾರಕಗಳಲ್ಲಿ 2009ರಿಂದ ಪ್ರವೇಶ ಉಚಿತ. ವಿದ್ಯಾರ್ಥಿ ಎಂಬ ಕಾರಣಕ್ಕಲ್ಲ, ವಯಸ್ಸು ಮತ್ತು ವಾಸದ ಕಾರಣಕ್ಕೆ. ತೋರಿಸಬೇಕಾದ್ದು ಕಾಲೇಜಿನ ಕಾರ್ಡಲ್ಲ, ಪಾಸ್‌ಪೋರ್ಟು ಮತ್ತು ವೀಸಾ. ಶಾಂಬೋರ್, ಅಜೆ-ಲೆ-ರಿದೊ ಸರ್ಕಾರದ ಆಸ್ತಿ, ಉಚಿತ. ಶೆನೊನ್ಸೊ 1913ರಿಂದ ಚಾಕೊಲೇಟ್ ಉದ್ಯಮದ ಮೆನಿಯೆ ಮನೆತನದ್ದು. ವಿಲಾಂದ್ರಿಯ ತೋಟಗಳೂ ಖಾಸಗಿ. ಅಲ್ಲಿ ದುಡ್ಡು ಕೊಟ್ಟೇ ಒಳಗೆ ಹೋಗಬೇಕು.

ಒಂದಕ್ಕೇ ದುಡ್ಡು ಕೊಡುವುದಾದರೆ ಶೆನೊನ್ಸೊಗೆ ಕೊಡಿ ಎನ್ನುತ್ತೇನೆ. ತೂರ್‌ನಿಂದ ಸ್ಥಳೀಯ ರೈಲಿನಲ್ಲಿ ಅರ್ಧ ಗಂಟೆ, ಸ್ಟೇಷನ್ ಅರಮನೆಯ ಬಾಗಿಲಲ್ಲೇ. ಶೆರ್ ನದಿಗೆ ರಾಜನ ಪ್ರೇಯಸಿ ದಿಯಾನ್ ದ ಪ್ವಾತಿಯೆ ಸೇತುವೆ ಕಟ್ಟಿಸಿದಳು. ರಾಜ ಸತ್ತ ಮೇಲೆ ಅವಳನ್ನು ಹೊರಹಾಕಿದ ರಾಣಿ ಕ್ಯಾಥರೀನ್ ಅದೇ ಸೇತುವೆಯ ಮೇಲೆ ಉದ್ದನೆಯ ಪಡಸಾಲೆ ಎಬ್ಬಿಸಿದಳು. ಮೊದಲ ಮಹಾಯುದ್ಧದಲ್ಲಿ ಆ ಪಡಸಾಲೆ ಗಾಯಾಳು ಸೈನಿಕರ ಆಸ್ಪತ್ರೆ. ಎರಡನೆಯದರಲ್ಲಿ ಶೆರ್ ನದಿಯೇ ಗಡಿರೇಖೆಯಾಯಿತು: ಮುಂಬಾಗಿಲು ಜರ್ಮನ್ನರ ವಶದ ನೆಲದಲ್ಲಿ, ಪಡಸಾಲೆಯ ತುದಿಯ ಬಾಗಿಲು ಆಚೆ ದಂಡೆಯ ಮುಕ್ತ ವಲಯಕ್ಕೆ. ಒಂದು ಮನೆಯೊಳಗೆ ನಡೆದು ಇನ್ನೊಂದು ಆಳ್ವಿಕೆಗೆ ದಾಟಬಹುದಿತ್ತು.

ಶಾಂಬೋರ್‌ಗೆ ರೈಲಿಲ್ಲ, ಬ್ಲ್ವಾದಲ್ಲಿ ಇಳಿದು, ಸೀಸನ್ನಿನಲ್ಲಾದರೆ ಬಸ್ಸು. ಅಲ್ಲಿನ ಜೋಡಿ ಸುರುಳಿ ಮೆಟ್ಟಿಲಲ್ಲಿ ಹತ್ತುವವರಿಗೆ ಇಳಿಯುವವರು ಎದುರಾಗುವುದಿಲ್ಲ. ಅದನ್ನು ಲಿಯೊನಾರ್ಡೊ ಡ ವಿಂಚಿಯೇ ಕಟ್ಟಿದ ಎಂದು ಬಾಯಿಂದ ಬಾಯಿಗೆ ಬಂದಿದೆ. ಆತ ಆಂಬ್ವಾಜ್ ಊರಿನ ಕ್ಲೊ ಲ್ಯೂಸೆ ಎಂಬ ಮನೆಯಲ್ಲಿ ತೀರಿಕೊಂಡದ್ದು 1519ರ ಮೇ 2ರಂದು. ಶಾಂಬೋರ್ ಕೆಲಸ ಶುರುವಾದದ್ದು ಅದೇ ವರ್ಷ ಆ ಬಳಿಕ. ಕಲ್ಪನೆ ಆತನದಿರಬಹುದು, ದಾಖಲೆಯಿಲ್ಲ. ದೊರೆ ಮೊದಲನೇ ಫ್ರಾನ್ಸ್ವಾನ ತೋಳಿನಲ್ಲಿ ಲಿಯೊನಾರ್ಡೊ ಪ್ರಾಣಬಿಟ್ಟ ಎಂಬುದೂ ಕಲಾವಿದರ ಜೀವನಚರಿತ್ರೆಕಾರ ವಸಾರಿ ಬರೆದ ಕಥೆ, ಇತಿಹಾಸಕಾರರು ನಂಬುವುದಿಲ್ಲ. ಇನ್ನು ನಾನೂರಕ್ಕೂ ಹೆಚ್ಚು ಕೋಣೆಗಳ ಆ ಅರಮನೆಯಲ್ಲಿ ದೊರೆ 32 ವರ್ಷದ ಆಳ್ವಿಕೆಯಲ್ಲಿ ಕಳೆದದ್ದು ಕೆಲವೇ ವಾರ. ಬೇಟೆಗೆ ಬರುವಾಗ ಮಂಚ, ಮೇಜು, ಪರದೆ ಎಲ್ಲ ಹೇರಿಕೊಂಡು ಬಂದು, ಹೋಗುವಾಗ ಹೇರಿಕೊಂಡು ಹೋಗುತ್ತಿದ್ದರು.

“ಭಾನುವಾರದ ಊಟ ಹೇಗೂ ಇರುತ್ತದೆ”

ಮೊದಲು ಕೇಳಿಕೊಳ್ಳಿ. ವಾರಾಂತ್ಯದ ಊಟ ಕೆಲವು ಮನೆಗಳಲ್ಲಿ ಲೆಕ್ಕದಲ್ಲಿರುತ್ತದೆ, ಕೆಲವು ಕಡೆ ಇರುವುದಿಲ್ಲ. ಊರಲ್ಲಿರುವುದಿಲ್ಲ ಎಂದಾದರೆ ಮುಂಚೆಯೇ ಹೇಳಬೇಕು. ಹೇಳದೆ ಹೋದರೆ ಮಾಡಿಟ್ಟ ಅಡುಗೆ ಹಾಳು. ಆದರೆ ಒಂದೊಂದು ಭಾನುವಾರ ಮಧ್ಯಾಹ್ನ ಮಗಳು, ಅಳಿಯ, ಮೊಮ್ಮಕ್ಕಳು ಬರುವ ದಿನ ಮನೆಯಾಕೆ “ನೀನೂ ನಮ್ಮ ಜೊತೆ ಕೂತುಕೋ” ಎಂದು ಕರೆಯುವುದುಂಟು. ಆ ಕರೆ ಒಪ್ಪಂದದ ಯಾವ ಸಾಲಿನಲ್ಲೂ ಇಲ್ಲ. ಅವತ್ತು ನೀವು ಪಿ.ಜಿ. ಅಲ್ಲ, ಅತಿಥಿ. ಬರಿಗೈಯಲ್ಲಿ ಹೋಗದೆ ಹೂವು ಕೊಂಡೊಯ್ಯಿರಿ. ಅಕ್ಟೋಬರ್ ಕೊನೆಗೆ ಹೂವಿನಂಗಡಿ ತುಂಬ ಸೇವಂತಿಗೆ ತುಂಬಿರುತ್ತದೆ. ನಮಗೆ ದೇವರ ಮುಡಿಗೇರುವ ಹೂವಾದ್ದರಿಂದ ಕೈ ತಾನಾಗಿ ಅತ್ತಲೇ ಹೋಗುತ್ತದೆ. ಅದನ್ನು ಬಿಟ್ಟು ಬೇರೆ ಯಾವುದಾದರೂ ತನ್ನಿ. ಅಲ್ಲಿ ಸೇವಂತಿಗೆ ಕೊಳ್ಳುವುದು ನವೆಂಬರ್ 1ರಂದು ಸಮಾಧಿಗಳ ಮೇಲಿಡಲು.