ಈ ಪ್ರಕಟಣೆ ನಮ್ಮ ಬೀದಿಗೆ ಏನು ಹೇಳುತ್ತಿದೆ?



ಕರ್ನಾಟಕದಲ್ಲಿ ಮಳೆಗಾಲ ಮುಗಿಯುತ್ತಾ ಬಂತು ಎನ್ನುವ ಹೊತ್ತಿಗೆ ಚೆನ್ನೈಯಲ್ಲಿ ಅದು ಶುರುವಾಗುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರಿನ ಮಳೆ, ಅದರ ಜೊತೆಗೇ ಪ್ರಕಟಣೆಗಳ ಮಳೆ. ಬೆಳಿಗ್ಗೆ ರೇಡಿಯೊದಲ್ಲಿ ಹವಾಮಾನ ವರದಿ, ಮಧ್ಯಾಹ್ನ ಮೊಬೈಲಿಗೆ ಸಂದೇಶ, ಸಂಜೆ ಬೀದಿಯಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಬರುವ ಕಾರ್ಪೊರೇಷನ್ನಿನವರ ಕೂಗು. ಇವೆಲ್ಲ ತಮಿಳಿನಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರುತ್ತವೆ. ಮಗ ಓಎಂಆರ್ ಕಡೆ ಆಫೀಸಿಗೆ ಹೋಗಿದ್ದಾನೆ, ಸೊಸೆಯೂ ಕೆಲಸಕ್ಕೆ ಹೋಗಿದ್ದಾಳೆ, ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಬಂದ ತಾಯಿ ಮನೆಯಲ್ಲಿ ಒಬ್ಬರೇ ಇದ್ದಾರೆ. ಬೀದಿಯಲ್ಲಿ ಮೈಕು ಕೂಗುತ್ತಾ ಹೋಯಿತು. ಅವರಿಗೆ ಏನು ತಿಳಿಯಿತು? ನಮ್ಮ ಕನ್ನಡ ಕಾರ್ಯಕ್ರಮ ಕೇಳುವ ಎಷ್ಟೋ ಮನೆಗಳಲ್ಲಿ ಇದೇ ಪರಿಸ್ಥಿತಿ. ಹಾಗಾಗಿ ಈ ಸಂಚಿಕೆಯಲ್ಲಿ ಆ ಪ್ರಕಟಣೆಗಳನ್ನು ಬಿಡಿಸಿ ನೋಡೋಣ.

ಮೊದಲು ಅಳತೆಗಳು

ಕಾವೇರಿಯ ಸುದ್ದಿ ಕೇಳುತ್ತಾ ಬೆಳೆದ ಕನ್ನಡಿಗರಿಗೆ ಟಿಎಂಸಿ, ಕ್ಯೂಸೆಕ್ಸ್ ಎಂಬ ಪದಗಳು ಹೊಸವಲ್ಲ. ಕನ್ನಂಬಾಡಿ ಕಟ್ಟೆಯಲ್ಲಿ 124.80 ಅಡಿ ನೀರು ನಿಂತರೆ ಅದು ತುಂಬಿದಂತೆ, ಆಗ ಅದರಲ್ಲಿ ಸುಮಾರು 49 ಟಿಎಂಸಿ ನೀರಿರುತ್ತದೆ. ಚೆನ್ನೈಯ ಪಶ್ಚಿಮಕ್ಕಿರುವ ಚೆಂಬರಂಬಾಕಂ ಕೆರೆಯ ಪೂರ್ಣ ಮಟ್ಟ 24 ಅಡಿ, ಹಿಡಿಯುವ ನೀರು 3.645 ಟಿಎಂಸಿ. ಅಂದರೆ ಕನ್ನಂಬಾಡಿಯ ಹದಿಮೂರನೇ ಒಂದು ಭಾಗ. ಇಷ್ಟು ಚಿಕ್ಕದಾದರೂ ಇದರ ಸುದ್ದಿ ನಮಗೆ ಬಹಳ ಮುಖ್ಯ. ಏಕೆಂದರೆ ಇಲ್ಲಿಂದ ಹೊರಬಿಟ್ಟ ನೀರು ತಿರುನೀರ್‌ಮಲೈ ಹತ್ತಿರ ಅಡ್ಯಾರ್ ನದಿಗೆ ಸೇರಿ, ಮಣಪಾಕಂ, ಎಕ್ಕಾಟ್ಟುತಾಂಗಲ್, ಜಾಫರ್‌ಖಾನ್‌ಪೇಟೆ, ಸೈದಾಪೇಟೆ, ಕೊಟ್ಟೂರುಪುರಂ ಇವುಗಳ ನಡುವೆ ಹಾದು ಸಮುದ್ರ ಸೇರುತ್ತದೆ.

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಲೆಕ್ಕದಲ್ಲಿ 28.3 ಲೀಟರ್. ಬೇಸಿಗೆಯಲ್ಲಿ ನಮ್ಮ ಬೀದಿಗೆ ನೀರು ತರುವ 12,000 ಲೀಟರಿನ ಟ್ಯಾಂಕರ್ ಲಾರಿಯನ್ನು ನೆನಪಿಸಿಕೊಳ್ಳಿ. 2015ರ ಡಿಸೆಂಬರ್ 1ರ ಸಂಜೆಯ ಹೊತ್ತಿಗೆ ಚೆಂಬರಂಬಾಕಂನಿಂದ ಬಿಡುತ್ತಿದ್ದ ನೀರು ಸುಮಾರು 29,000 ಕ್ಯೂಸೆಕ್ಸ್. ಅಂಥ ಲಾರಿಗಳು ಸೆಕೆಂಡಿಗೆ 68ರಂತೆ ಒಂದೇ ಸಮನೆ ನೀರು ಸುರಿದಂತೆ! ಇದರ ಮೇಲೆ ಅಡ್ಯಾರ್ ನದಿಗೆ ತನ್ನದೇ ಜಲಾನಯನದಿಂದ ಬರುವ ನೀರು ಬೇರೆ. ಮಾರನೆಯ ಬೆಳಗಾಗುವಷ್ಟರಲ್ಲಿ ಸೈದಾಪೇಟೆ, ಕೊಟ್ಟೂರುಪುರಗಳಲ್ಲಿ ಮನೆಗಳು ಮುಳುಗಿದ್ದವು. ವಿಮಾನ ನಿಲ್ದಾಣ ಹಲವು ದಿನ ಮುಚ್ಚಿತು. 1878ರಲ್ಲಿ ಆರಂಭವಾದ 'ದಿ ಹಿಂದೂ' ಪತ್ರಿಕೆ ಡಿಸೆಂಬರ್ 2ರಂದು ಚೆನ್ನೈಯಲ್ಲಿ ಅಚ್ಚಾಗಲಿಲ್ಲ.

ನೀರು ಬಿಡುತ್ತೇವೆ ಎಂಬ ಪ್ರಕಟಣೆ ಅಂದೂ ಹೊರಬಿದ್ದಿತ್ತು. ಆದರೆ 'ಇಷ್ಟು ಕ್ಯೂಸೆಕ್ಸ್' ಎಂದರೆ ತನ್ನ ಬೀದಿಯಲ್ಲಿ ಮೊಣಕಾಲುದ್ದವೋ ಎದೆಯುದ್ದವೋ ಎಂದು ನದಿ ದಂಡೆಯ ಮನೆಯಾತನಿಗೆ ತಿಳಿಯುವುದು ಹೇಗೆ? ಸಂಖ್ಯೆ ಅಣೆಕಟ್ಟೆಯ ಭಾಷೆಯಲ್ಲಿತ್ತು, ಬೀದಿಯ ಭಾಷೆಗೆ ಅದು ಇಳಿದಿರಲಿಲ್ಲ. 2020ರ ನವೆಂಬರ್ 25ರಂದು ನಿವಾರ್ ಚಂಡಮಾರುತದ ಸಮಯದಲ್ಲಿ, ಐದು ವರ್ಷಗಳ ನಂತರ ಮತ್ತೆ ಬಾಗಿಲು ತೆರೆದಾಗ 1,000 ಕ್ಯೂಸೆಕ್ಸಿನಿಂದ ಶುರುಮಾಡಿ ಹಂತ ಹಂತವಾಗಿ 9,000ಕ್ಕೆ ಏರಿಸಿದರು. ನಾವು ಕಿವಿಗೊಡಬೇಕಾದದ್ದು ಈ ಏರಿಕೆಗೆ. 500 ಕ್ಯೂಸೆಕ್ಸ್ ಎಂದರೆ ಗಾಬರಿ ಬೇಡ. ಅದೇ ದಿನದಲ್ಲಿ ಎರಡು ಮೂರು ಸಲ ಸಂಖ್ಯೆ ಹೆಚ್ಚುತ್ತಾ ಹೋದರೆ, ಜೊತೆಗೆ ಮಳೆಯೂ ನಿಲ್ಲದಿದ್ದರೆ, ಕತ್ತಲಾಗುವ ಮುನ್ನವೇ ಏನು ಮಾಡಬೇಕೆಂದು ನಿರ್ಧರಿಸಬೇಕು.

ಬಣ್ಣಗಳ ಅರ್ಥ

ನುಂಗಂಬಾಕಂನ ಹವಾಮಾನ ಕೇಂದ್ರ ಕೊಡುವ ಎಚ್ಚರಿಕೆಯಲ್ಲಿ ನಾಲ್ಕು ಬಣ್ಣ. ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಸುದ್ದಿ ಗಮನಿಸುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಮಳೆಗೂ ಹೀಗೆಯೇ ದರ್ಜೆಗಳಿವೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ, 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ. ತಮಿಳಿನಲ್ಲಿ ಇವನ್ನೇ ಕ್ರಮವಾಗಿ 'ಕನಮಳೈ', 'ಮಿಗ ಕನಮಳೈ', 'ಅದಿ ಕನಮಳೈ' ಎನ್ನುತ್ತಾರೆ. ಈ 24 ಗಂಟೆಯ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ.

ಸೆಂಟಿಮೀಟರಿನ ಲೆಕ್ಕವನ್ನೂ ಮನೆಯ ಮಟ್ಟಕ್ಕೆ ಇಳಿಸಿ ನೋಡಬಹುದು. 2015ರ ಡಿಸೆಂಬರ್ 2ರ ಬೆಳಿಗ್ಗೆಗೆ ಕೊನೆಗೊಂಡ 24 ಗಂಟೆಯಲ್ಲಿ ತಾಂಬರಂನಲ್ಲಿ 49 ಸೆಂ.ಮೀ. ಮಳೆ ಸುರಿಯಿತು. ಚೆನ್ನೈಯಲ್ಲಿ ಜಾಗವನ್ನು 'ಗ್ರೌಂಡ್' ಲೆಕ್ಕದಲ್ಲಿ ಹೇಳುತ್ತಾರಲ್ಲ, ಒಂದು ಗ್ರೌಂಡ್ ಎಂದರೆ 2,400 ಚದರ ಅಡಿ. ಅಷ್ಟು ಜಾಗದ ಮೇಲೆ 49 ಸೆಂ.ಮೀ. ಮಳೆ ಬಿದ್ದರೆ ಸುಮಾರು 1,09,000 ಲೀಟರ್ ನೀರು, ಒಂಬತ್ತು ಟ್ಯಾಂಕರ್ ಲಾರಿ. ಕಾಲುವೆ ಕಟ್ಟಿಕೊಂಡಿದ್ದರೆ ಅದೆಲ್ಲ ಎಲ್ಲಿಗೆ ಹೋಗಬೇಕು?

ಯಾವ ಜಿಲ್ಲೆಯ ಪ್ರಕಟಣೆ?

ಎಚ್ಚರಿಕೆಗಳು ಜಿಲ್ಲೆಯ ಲೆಕ್ಕದಲ್ಲಿ ಬರುತ್ತವೆ. 'ಚೆನ್ನೈ, ತಿರುವಳ್ಳೂರು, ಕಾಂಚೀಪುರಂ, ಚೆಂಗಲ್ಪಟ್ಟು' ಎಂದು ನಾಲ್ಕು ಹೆಸರನ್ನು ಒಟ್ಟಿಗೆ ಓದುವುದನ್ನು ನೀವು ಕೇಳಿರುತ್ತೀರಿ. ಚೆಂಗಲ್ಪಟ್ಟು 2019ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ತಾಂಬರಂನವರು 'ನಾವು ಚೆನ್ನೈಯಲ್ಲಿದ್ದೇವೆ' ಎನ್ನುವುದು ವಾಡಿಕೆ. ಆದರೆ ಅವರು ಚೆಂಗಲ್ಪಟ್ಟು ಜಿಲ್ಲೆಗೆ, 2021ರಲ್ಲಿ ಆದ ತಾಂಬರಂ ಕಾರ್ಪೊರೇಷನ್ನಿಗೆ ಸೇರಿದವರು. ಆವಡಿ ಇರುವುದು ತಿರುವಳ್ಳೂರು ಜಿಲ್ಲೆಯಲ್ಲಿ, ಅದಕ್ಕೂ 2019ರಿಂದ ಬೇರೆಯೇ ಕಾರ್ಪೊರೇಷನ್. ಚೆನ್ನೈ ಕಾರ್ಪೊರೇಷನ್ನಿನ 1913 ಸಹಾಯವಾಣಿ ಅದರ 200 ವಾರ್ಡುಗಳಿಗೆ ಮಾತ್ರ. ಮನೆ ಅದರಾಚೆ ಇದ್ದರೆ ಜಿಲ್ಲಾ ನಿಯಂತ್ರಣ ಕೊಠಡಿಯ 1077, ರಾಜ್ಯ ನಿಯಂತ್ರಣ ಕೊಠಡಿಯ 1070 ನೆನಪಿರಲಿ. ವಿದ್ಯುತ್ ತೊಂದರೆಗೆ 2021ರಲ್ಲಿ ಆರಂಭವಾದ 'ಮಿನ್ನಗಂ' ಕೇಂದ್ರದ ಸಂಖ್ಯೆ 94987 94987, ಇದು ಇಡೀ ರಾಜ್ಯಕ್ಕೆ ಒಂದೇ.

ಇನ್ನೂ ಒಂದು ಸೂಕ್ಷ್ಮವಿದೆ. ನೀರಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಚೆಂಬರಂಬಾಕಂ ಕೆರೆ ಇರುವುದು ಕಾಂಚೀಪುರಂ ಜಿಲ್ಲೆಯಲ್ಲಿ. ಅಲ್ಲಿ ಮಳೆ ಹೊಡೆದರೆ, ಚೆನ್ನೈ ಜಿಲ್ಲೆಗೆ ಹಳದಿ ಬಣ್ಣವೇ ಇದ್ದರೂ ಕೆಲವು ಗಂಟೆಗಳ ನಂತರ ಸೈದಾಪೇಟೆಯಲ್ಲಿ ನದಿ ಏರಬಹುದು. ಮುಡಿಚ್ಚೂರು, ಪಶ್ಚಿಮ ತಾಂಬರಂ ಕಡೆಯವರಿಗೆ ಇದರ ತಿರುವುಮುರುವು. ಅವರ ಊರು ತಿರುನೀರ್‌ಮಲೈಗಿಂತ ಮೇಲೆ ಇರುವುದರಿಂದ ಚೆಂಬರಂಬಾಕಂ ಬಾಗಿಲು ತೆರೆಯದಿದ್ದರೂ ಆದನೂರು ಕಡೆಯ ಕೆರೆಗಳು ಕೋಡಿ ಬಿದ್ದರೆ ಸಾಕು, ಅಡ್ಯಾರ್ ಅವರ ಬೀದಿಗೆ ಬರುತ್ತದೆ. ವೇಳಚ್ಚೇರಿ, ಪೆರುಂಗುಡಿಯವರಿಗೆ ನದಿಗಿಂತ ಮುಖ್ಯವಾದದ್ದು ಪಳ್ಳಿಕರಣೈ ಜೌಗು. 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಈ ಜೌಗಿನ ನೀರು ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಂ ಕಾಲುವೆಗೆ ಇಳಿದು ಕಡಲಿಗೆ ಹೋಗಬೇಕು. ಕಡಲು ಉಬ್ಬರದಲ್ಲಿದ್ದರೆ ನೀರು ಅಲ್ಲಿಯೇ ನಿಲ್ಲುತ್ತದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ, ಮಳೆ ನಿಂತ ಮೇಲೂ ಆ ಭಾಗದಲ್ಲಿ ದಿನಗಟ್ಟಲೆ ನೀರು ಇಳಿಯಲಿಲ್ಲ.

ಅಂದ ಮೇಲೆ ಪ್ರತಿ ಮನೆಯವರೂ ತಿಳಿದಿರಬೇಕಾದ ಪ್ರಶ್ನೆ ಒಂದೇ: ನಮ್ಮ ಬೀದಿಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಇದಕ್ಕೆ ಉತ್ತರ ಗೊತ್ತಿದ್ದರೆ ಹತ್ತು ಪ್ರಕಟಣೆಗಳಲ್ಲಿ ನಮ್ಮದು ಯಾವುದೆಂದು ತಾನಾಗಿ ಗೊತ್ತಾಗುತ್ತದೆ.

ಮೋಸ ಮಾಡುವ ಮಾತುಗಳು

ತಮಿಳು ನಮ್ಮ ನುಡಿಯ ಒಡಹುಟ್ಟು. ಅದರಿಂದಲೇ ಕೆಲವೊಮ್ಮೆ ಎಡವಟ್ಟಾಗುತ್ತದೆ. ಕನ್ನಡದಲ್ಲಿ 'ಏರಿ' ಎಂದರೆ ಕೆರೆಯ ಕಟ್ಟೆ, ತಮಿಳಿನಲ್ಲಿ 'ಏರಿ' ಎಂದರೆ ಕೆರೆಯೇ. 'ಏರಿ ನಿರಂಬಿ ವಿಟ್ಟದು' ಎಂದು ಮೈಕು ಕೂಗಿದರೆ ಕೆರೆ ತುಂಬಿಬಿಟ್ಟಿದೆ ಎಂದರ್ಥ. ಕಾಸರಗೋಡಿನ ಕಡೆಯಿಂದ ಬಂದವರಿಗೆ 'ವೆಳ್ಳಂ' ಎಂದರೆ ಮಲಯಾಳದ ಕುಡಿಯುವ ನೀರು ನೆನಪಾಗುತ್ತದೆ. ಇಲ್ಲಿ 'ವೆಳ್ಳಂ' ಎಂದರೆ ನೆರೆ. 'ವೆಳ್ಳ ಅಬಾಯ ಎಚ್ಚರಿಕ್ಕೈ' ಎಂಬ ಮೂರು ಪದ ಕಿವಿಗೆ ಬಿದ್ದರೆ ಅದು ನೆರೆ ಅಪಾಯದ ಎಚ್ಚರಿಕೆ, ನೀರಿನ ಲಾರಿಯ ಸುದ್ದಿಯಲ್ಲ.

ಇನ್ನು ಕೆಲವು ಪದಗಳು: 'ಉಬರಿ ನೀರ್' ಎಂದರೆ ಕೆರೆಯಿಂದ ಹೊರಬಿಡುವ ಹೆಚ್ಚುವರಿ ನೀರು. 'ಕರೈಯೋರಂ' ಎಂದರೆ ದಂಡೆಯ ಉದ್ದಕ್ಕೂ. 'ತಾಳ್ವಾನ ಪಗುದಿ' ಎಂದರೆ ತಗ್ಗು ಪ್ರದೇಶ. 'ಪುಯಲ್' ಎಂದರೆ ಚಂಡಮಾರುತ. 'ಮಿನ್ ತಡೈ' ಎಂದರೆ ಕರೆಂಟು ತೆಗೆಯುವುದು. 'ಮುಗಾಂ' ನಮ್ಮ ಮೊಕ್ಕಾಂ, ಅಂದರೆ ಜನ ಹೋಗಿ ತಂಗುವ ಶಿಬಿರ. 'ಪಳ್ಳಂ' ನಮ್ಮ ಹಳ್ಳ, 'ಮೇಡು' ದಿಣ್ಣೆ. ಊರ ಹೆಸರುಗಳೂ ಒಂದು ರೀತಿಯ ಪ್ರಕಟಣೆಗಳೇ. 'ತಾಂಗಲ್' ಎಂದರೆ ಚಿಕ್ಕ ಕೆರೆ. ಎಕ್ಕಾಟ್ಟುತಾಂಗಲ್, ಪಳವಂತಾಂಗಲ್, ಅಯ್ಯಪ್ಪನ್‌ತಾಂಗಲ್ ಎಂಬ ಹೆಸರುಗಳು ಆ ನೆಲದ ಹಳೆಯ ಕಥೆ ಹೇಳುತ್ತವೆ. ನುಂಗಂಬಾಕಂನಲ್ಲಿ ಇಂದಿಗೂ ಟ್ಯಾಂಕ್ ಬಂಡ್ ರೋಡ್ ಇದೆ, ಕೆರೆ ಇಲ್ಲ. 1920ರ ದಶಕದಲ್ಲಿ ರೂಪುಗೊಂಡ ಟಿ. ನಗರವೂ ಒಂದು ಉದ್ದನೆಯ ಕೆರೆಯನ್ನು ಬತ್ತಿಸಿ ಮಾಡಿದ ಬಡಾವಣೆಯೇ.

ಊರಿಗೆಲ್ಲ ಹೇಳಿದರೆ ಸಾಕೇ?

ಹಿಂದೆ ಡಂಗುರ ಸಾರುವವನು ಬೀದಿ ಬೀದಿಗೆ ಬರುತ್ತಿದ್ದ. ಮೈಕಿನ ಕಾಲದಲ್ಲಿ ಅದು ಬೇಡವೆಂದು ತಮಿಳುನಾಡು ಸರ್ಕಾರ 2022ರ ಆಗಸ್ಟಿನಲ್ಲಿ ಆ ಪದ್ಧತಿಯನ್ನು ನಿಲ್ಲಿಸಿತು. 1990ರ ದಶಕದಲ್ಲಿ ಅಡ್ಯಾರ್ ಟೈಮ್ಸ್, ಮಾಂಬಲಂ ಟೈಮ್ಸ್, ಅಣ್ಣಾ ನಗರ್ ಟೈಮ್ಸ್‌ನಂಥ ಬಡಾವಣೆಯ ಪತ್ರಿಕೆಗಳು ಚೆನ್ನೈಯ ಮನೆಬಾಗಿಲಿಗೆ ಉಚಿತವಾಗಿ ಬಂದು ಬೀಳತೊಡಗಿದವು. ಯಾವ ರಸ್ತೆ ಅಗೆಯುತ್ತಾರೆ, ಎಲ್ಲಿ ಕರೆಂಟು ಇರುವುದಿಲ್ಲ ಎಂಬ ಸಣ್ಣ ಸುದ್ದಿಗೂ ಅವುಗಳಲ್ಲಿ ಜಾಗವಿತ್ತು. 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಮೊಬೈಲುಗಳಿಗೆ ದೊಡ್ಡ ಸದ್ದಿನೊಂದಿಗೆ ಬರುವ ತುರ್ತು ಸಂದೇಶವನ್ನು ತಮಿಳುನಾಡು, ಕರ್ನಾಟಕಗಳಲ್ಲಿ ಪರೀಕ್ಷಿಸಿತು.

ಆದರೆ ದೊಡ್ಡ ಸದ್ದೇ ಸಾಲದು ಎಂಬುದಕ್ಕೆ ದೂರದ ಒಂದು ಉದಾಹರಣೆ. ಅಮೆರಿಕದ ಲಾಸ್ ಏಂಜಲೀಸ್ ಸುತ್ತ ಬೆಟ್ಟಗಳ ನಡುವಿನ ಕಿರಿದಾದ ಕಣಿವೆಗಳಲ್ಲಿ ಜನ ಮನೆ ಕಟ್ಟಿಕೊಂಡಿದ್ದಾರೆ. ಅಲ್ಲಿ ಕಾಡುಗಿಚ್ಚಿನ ಭಯ. 2025ರ ಜನವರಿ 9ರಂದು, ಬೆಂಕಿಯ ಸಮೀಪದ ಕೆಲವೇ ಬಡಾವಣೆಗಳಿಗೆ ಹೋಗಬೇಕಾಗಿದ್ದ 'ಮನೆ ಬಿಡಲು ಸಿದ್ಧರಾಗಿ' ಎಂಬ ಸಂದೇಶ ಲಾಸ್ ಏಂಜಲೀಸ್ ಕೌಂಟಿಯ ಸುಮಾರು ಒಂದು ಕೋಟಿ ಜನರ ಮೊಬೈಲಿಗೆ ಹೋಯಿತು. ಎಲ್ಲರಿಗೂ ಹೇಳಿದ್ದರಿಂದ ಯಾರಿಗೆ ಹೇಳಿದ್ದು ಎಂಬುದೇ ತಿಳಿಯದಾಯಿತು. ಅದೇ ಪ್ರದೇಶದ ಟೊಪಾಂಗ ಎಂಬ ಕಣಿವೆಯಲ್ಲಿ 1993ರ ದೊಡ್ಡ ಬೆಂಕಿಯ ನಂತರ ನಿವಾಸಿಗಳೇ ಸೇರಿ ತುರ್ತು ಸಿದ್ಧತೆಯ ಕೂಟವೊಂದನ್ನು ಕಟ್ಟಿಕೊಂಡಿದ್ದರು. ಸರ್ಕಾರದ ಪ್ರಕಟಣೆಯನ್ನು ಬೀದಿಗೆ ಮುಟ್ಟಿಸಲು ಬೀದಿಯವರೇ ಬೇಕು ಎಂಬುದು ಅವರಿಗೆ ಮನವರಿಕೆಯಾಗಿತ್ತು.

ಒಂದು ಚೀಟಿ, ಒಬ್ಬರು ವ್ಯಕ್ತಿ

ನಮ್ಮ ಸಲಹೆ ಸರಳ. ಈ ವಾರವೇ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಟಿವಿಯ ಪಕ್ಕದಲ್ಲೋ ಫ್ರಿಜ್ ಮೇಲೋ ಅಂಟಿಸಿ: ನಮ್ಮ ಜಿಲ್ಲೆ, ಕಾರ್ಪೊರೇಷನ್, ವಾರ್ಡ್ ಸಂಖ್ಯೆ. ನಮಗೆ ಹತ್ತಿರದ ನದಿ, ಕೆರೆ ಅಥವಾ ಕಾಲುವೆ. ನೀರು ನಿಲ್ಲದ ಎತ್ತರದ ರಸ್ತೆ. ಸಹಾಯವಾಣಿಯ ಸಂಖ್ಯೆಗಳು. ಮೇಲೆ ಹೇಳಿದ ತಮಿಳು ಪದಗಳು ಮತ್ತು ಅರ್ಥ. ನೆಲಮಹಡಿಯಲ್ಲಿ ಇರುವವರು ಮೇಲಿನ ಮಹಡಿಯ ಯಾರ ಮನೆಗೆ ಹೋಗಬಹುದು ಎಂಬುದನ್ನು ಈಗಲೇ ಮಾತಾಡಿಕೊಂಡು ಅವರ ಫೋನ್ ಸಂಖ್ಯೆಯನ್ನೂ ಬರೆದಿಡಿ.

ಚೀಟಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಬೀದಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ತಮಿಳು ಬಾರದ ಒಬ್ಬ ಅಜ್ಜಿ, ಹೊಸದಾಗಿ ಬಂದ ಒಂದು ಸಂಸಾರ, ಕಿವಿ ಸ್ವಲ್ಪ ಮಂದವಾದ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಮೈಕು ಕೂಗಿದ ದಿನ ಅವರಿಗೆ ಒಂದು ಫೋನ್ ಮಾಡಿ, 'ಅಜ್ಜಿ, ಇದು ನಮ್ಮ ಬೀದಿಗೆ ಹೇಳಿದ್ದಲ್ಲ, ಹೆದರಬೇಡಿ' ಎಂದೋ, 'ಅಮ್ಮಾ, ಇದು ನಮಗೇ, ಔಷಧಿ ಚೀಲ ತೆಗೆದುಕೊಂಡು ಮೇಲೆ ಬನ್ನಿ' ಎಂದೋ ಹೇಳಿ. ಅಷ್ಟು ಹೇಳುವುದಕ್ಕೆ ಎರಡು ನಿಮಿಷ ಸಾಕು.

ಕರೆಂಟು ಹೋಗಿ, ಮೊಬೈಲಿಗೆ ಸಿಗ್ನಲ್ ಸಿಗದೆ ಹೋದರೂ ಸೆಲ್ ಹಾಕಿದ ಟ್ರಾನ್ಸಿಸ್ಟರ್ ಮಾತಾಡುತ್ತದೆ. ಅಟ್ಟದ ಮೇಲಿರುವುದನ್ನು ಇಳಿಸಿ, ಧೂಳು ಒರೆಸಿ, ಹೊಸ ಸೆಲ್ ಹಾಕಿ ಒಮ್ಮೆ ಹಚ್ಚಿ ನೋಡಿ. ನಿಮ್ಮ ಬಡಾವಣೆಯಲ್ಲಿ ನೀರು ನಿಲ್ಲುವ ಜಾಗ, ನಿಲ್ಲದ ದಾರಿ ಯಾವುದು ಎಂದು ನಮಗೂ ಬರೆದು ತಿಳಿಸಿ. ಮಳೆಗಾಲದ ಕನ್ನಡ ವೇಳೆಯಲ್ಲಿ ಉಳಿದ ಕೇಳುಗರಿಗೂ ಓದಿ ಹೇಳುತ್ತೇವೆ.