ಖರ್ಚಿನ ಲೆಕ್ಕ ಕಾಯಿಲೆಯ ಲೆಕ್ಕವಲ್ಲ

ಸಾವಿರಾರು ರೋಗಿಗಳ ಹಳೆಯ ದಾಖಲೆಗಳಿಂದ ಕಂಪ್ಯೂಟರ್ ತಾನೇ ಸಂಬಂಧಗಳನ್ನು ಗುರುತಿಸಿ, ಮುಂದಿನದನ್ನು ಅಂದಾಜು ಮಾಡುವ ವಿಧಾನಕ್ಕೆ 'ಮೆಷಿನ್ ಲರ್ನಿಂಗ್' ಎನ್ನುತ್ತಾರೆ. ಯಾವ ರೋಗಿಗೆ ವಿಶೇಷ ಆರೈಕೆ ಬೇಕು ಎಂದು ತಿಳಿಯಲು ಅಮೆರಿಕದ ಆಸ್ಪತ್ರೆಗಳು ಇಂಥ ವ್ಯವಸ್ಥೆಗಳ ಸಹಾಯ ಪಡೆಯುತ್ತವೆ. ಆದರೆ ಯಂತ್ರಕ್ಕೆ ನಾವು ಕೇಳುವ ಪ್ರಶ್ನೆಯೇ ತಪ್ಪಾಗಿದ್ದರೆ?

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕ, ವೈದ್ಯ ಜಿಯಾದ್ ಒಬರ್‌ಮೇಯರ್ ಮತ್ತು ಸಂಗಡಿಗರು ಇಂಥ ಒಂದು ವ್ಯವಸ್ಥೆಯನ್ನು ಪರೀಕ್ಷಿಸಿ, 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಈ ವ್ಯವಸ್ಥೆ ಪ್ರತಿ ರೋಗಿಗೂ ಅಂಕ ಕೊಡುತ್ತಿತ್ತು. ಒಂದೇ ಅಂಕ ಪಡೆದವರನ್ನು ಹೋಲಿಸಿದಾಗ, ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಹೆಚ್ಚು ತೀವ್ರವಾಗಿದ್ದವು.

ವಿಶೇಷವೆಂದರೆ, ರೋಗಿಯ ವರ್ಣ ಯಾವುದೆಂದು ಯಂತ್ರಕ್ಕೆ ತಿಳಿಸಿರಲೇ ಇಲ್ಲ. ಹಾಗಾದರೆ ತಾರತಮ್ಯ ಎಲ್ಲಿಂದ ಬಂತು? ರೋಗಿಯ ಕಾಯಿಲೆ ಎಷ್ಟಿದೆ ಎಂಬುದರ ಬದಲು, ಮುಂದೆ ಚಿಕಿತ್ಸೆಗೆ ಎಷ್ಟು ಹಣ ಖರ್ಚಾಗಬಹುದು ಎಂಬುದನ್ನು ಅದು ಅಂದಾಜು ಮಾಡುತ್ತಿತ್ತು. ಬಡತನ, ಆಸ್ಪತ್ರೆಯ ದೂರ, ವೈದ್ಯರ ಬಗ್ಗೆ ಅಪನಂಬಿಕೆ ಮುಂತಾದ ಕಾರಣಗಳಿಂದ ಕಪ್ಪು ವರ್ಣೀಯರ ಚಿಕಿತ್ಸೆಗೆ ಕಡಿಮೆ ಖರ್ಚಾಗಿತ್ತು. ಕಡಿಮೆ ಖರ್ಚಾದವರನ್ನು ಯಂತ್ರ ಹೆಚ್ಚು ಆರೋಗ್ಯವಂತರೆಂದು ಎಣಿಸಿತು!

ಈ ಅಸಮಾನತೆ ಸರಿಪಡಿಸಿದರೆ, ವಿಶೇಷ ಆರೈಕೆಗೆ ತಾನಾಗಿ ಆಯ್ಕೆಯಾಗುವವರಲ್ಲಿ ಕಪ್ಪು ವರ್ಣೀಯರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದರು. ಖರ್ಚಿನ ಜೊತೆಗೆ ಕಾಯಿಲೆಯನ್ನೂ ಅಳತೆಗೆ ಸೇರಿಸಿದಾಗ ತಾರತಮ್ಯ ಬಹುಪಾಲು ಇಳಿಯಿತು.

ಆರೋಗ್ಯ ಶಿಬಿರ ನಡೆಸುವವರಿಗೂ, ಮನೆ ಭೇಟಿ ಮಾಡುವ ಕಾರ್ಯಕರ್ತರಿಗೂ ಇದರಲ್ಲಿ ಪಾಠವಿದೆ. ದಾಖಲೆಯಲ್ಲಿ ಹೆಸರಿಲ್ಲದವರೆಲ್ಲ ಆರೋಗ್ಯವಂತರಲ್ಲ. ಅವರು ಆಸ್ಪತ್ರೆಯ ಬಾಗಿಲವರೆಗೆ ಬರಲಾಗದವರೂ ಆಗಿರಬಹುದು.